ಹಳೇ ವಿಡಿಯೋ ಗೇಮ್‌ಗೆ 11,500 ಕೊಡುವ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. "ಜಪಾನ್ ಒರಿಜಿನಲ್, 1983ರ ಪೀಸ್, ಗನ್ ಸಮೇತ ಉಂಟು" ಅಂತ ಯಾರಾದರೂ ಹಳೇ ವಿಡಿಯೋ ಗೇಮ್ ಮಾರಲು ಬಂದರೆ, ನಿಮ್ಮ ಕಣ್ಣೆದುರು ಟಿವಿಗೆ ಹಾಕಿ ತೋರಿಸದೆ ಒಂದು ರೂಪಾಯಿಯೂ ಕೊಡಬೇಡಿ. ನಾನು 11,500 ರೂಪಾಯಿ ಕೊಟ್ಟೆ. ಅದು ವಾಪಸ್ ಬರುವುದಿಲ್ಲ ಅಂತ ಈಗ ಗೊತ್ತಾಗಿದೆ. ನಿಮ್ಮದಾದರೂ ಉಳಿಯಲಿ.

ಅಣ್ಣ ಮಸ್ಕತ್‌ನಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಈ ಸಲ ಬರುವ ಮೊದಲು ಫೋನ್‌ನಲ್ಲಿ, "ನಮ್ಮ ಆ ವಿಡಿಯೋ ಗೇಮ್ ಎಂತ ಆಯ್ತು ಮಾರಾಯ್ತಿ? ಅಮ್ಮ ಗುಜರಿಗೆ ಹಾಕಿದ್ರಾ?" ಅಂತ ಕೇಳಿದ. ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಆದರೆ ಅವನು ಕೇಳಿದ ಆ ದನಿ ನನ್ನ ತಲೆಯಲ್ಲೇ ಕೂತುಬಿಟ್ಟಿತು.

1995ರಲ್ಲಿ ಮಾವ ಬಹ್ರೇನ್‌ನಿಂದ ತಂದುಕೊಟ್ಟ ಸೆಟ್ ಅದು. ಆಗ ನಾವು ಉಡುಪಿಯ ಕಡಿಯಾಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ದೊಡ್ಡ ರಜೆಯ ಮಧ್ಯಾಹ್ನ, ಅಪ್ಪ ಊಟ ಮಾಡಿ ಮಲಗಿದ ಮೇಲೆ, ಸೌಂಡ್ ಸಣ್ಣ ಮಾಡಿ ಆಟ ಶುರು. ಕ್ಯಾಸೆಟ್ ಓಡದಿದ್ದರೆ ತೆಗೆದು ಫೂ ಅಂತ ಊದಿ ಮತ್ತೆ ಹಾಕುವುದು. ಗುಡುಗು ಕೇಳಿದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ "ಪ್ಲಗ್ ತೆಗೀರಿ" ಅಂತ ಕೂಗುತ್ತಿದ್ದರು. ಕಾಂಟ್ರಾ ಅಂತ ಗುಂಡು ಹೊಡೆಯುವ ಆಟ, ಅದರ ಮೂರನೇ ಸ್ಟೇಜ್‌ನಲ್ಲಿ ಜಲಪಾತ ಹತ್ತಬೇಕಲ್ವಾ, ಅಲ್ಲಿ ಅಣ್ಣ ಬೇಗ ಬೇಗ ಮೇಲೆ ಹೋಗಿಬಿಡುತ್ತಿದ್ದ. ಸ್ಕ್ರೀನ್ ಮೇಲೆ ಸರಿಯುತ್ತಿತ್ತು, ಕೆಳಗೆ ಉಳಿದ ನಾನು ಸಾಯುತ್ತಿದ್ದೆ. ಅದಕ್ಕಾಗಿ ಎಷ್ಟು ಜಗಳ! ಈಗ ಅಣ್ಣನಿಗೆ 44. ಅವನು ಬಂದ ದಿನವೇ ಟಿವಿ ಎದುರು ಆ ಸೆಟ್ ಇಟ್ಟು ಕೂರಿಸಬೇಕು ಅಂತ ನನಗೆ ಆಸೆಯಾಯಿತು.

ಫೋನ್‌ನಲ್ಲಿ ಹುಡುಕಿದಾಗ ಮಂಗಳೂರಿನ ಒಬ್ಬರ ಜಾಹೀರಾತು ಸಿಕ್ಕಿತು. ಬಿಳಿ ಮತ್ತು ಮರೂನ್ ಬಣ್ಣದ ಡಬ್ಬ, ಎರಡು ರಿಮೋಟ್, ಒಂದು ಗನ್, "9999 ಇನ್ 1" ಕ್ಯಾಸೆಟ್. ಮೊದಲು 3,000 ಅಡ್ವಾನ್ಸ್ ಹಾಕಿ ಅಂದರು, ಹಾಕಿದೆ. ಶನಿವಾರ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ. ಹಂಪನಕಟ್ಟೆಯಲ್ಲಿ ಭೇಟಿ. ಒಂದು ಸಲ ಹಾಕಿ ತೋರಿಸಿ ಅಂತ ಕೇಳಿದ್ದಕ್ಕೆ, "ಇಲ್ಲಿ ಟಿವಿ ಇಲ್ಲ ಮೇಡಂ. ವಿಡಿಯೋ ಕಳಿಸಿದ್ದೇನಲ್ಲಾ, ಅದರಲ್ಲೇ ಉಂಟಲ್ಲ ಎಲ್ಲ" ಅಂದರು. ಬೇರೆ ಇಬ್ಬರು ಕೇಳಿದ್ದಾರೆ, ಇವತ್ತೇ ಕೊಡಬೇಕು ಅಂತಲೂ ಸೇರಿಸಿದರು. ಅಲ್ಲೇ ನಾನು ವಾಪಸ್ ಬರಬೇಕಿತ್ತು. ಅಣ್ಣನ ಫ್ಲೈಟ್ ಮಂಗಳವಾರ ಇತ್ತು. ಉಳಿದ 8,500 ಕೊಟ್ಟು ಡಬ್ಬ ತಂದೆ.

ಮನೆಯಲ್ಲಿ ಅಮ್ಮ ಅದನ್ನು ಕೈಯಲ್ಲಿ ಎತ್ತಿ ನೋಡಿದರು. "ಇದೆಂತ ಮಗಾ, ಇಷ್ಟು ಹಗುರ?" ಅಂದರು. ಅಮ್ಮನಿಗೆ ಒಂದು ಕೈಯಲ್ಲಿ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ, ಇದು ನಿಮ್ಮ ಕೆಲಸಕ್ಕೆ ಬರುತ್ತದೆ. ನಿಂಟೆಂಡೋ ಕಂಪನಿ ಜಪಾನ್‌ನಲ್ಲಿ ಇದರ ಒರಿಜಿನಲ್ ಸೆಟ್, ಅಂದರೆ ಫ್ಯಾಮಿಕಾಮ್, ಬಿಡುಗಡೆ ಮಾಡಿದ್ದು 1983ರ ಜುಲೈಯಲ್ಲಿ. ಆ ಮೊದಲ ಮಾಡೆಲ್‌ನಲ್ಲಿ ಎರಡೂ ರಿಮೋಟ್‌ಗಳ ವಯರ್ ಡಬ್ಬದ ಒಳಗಿಂದಲೇ ಬರುತ್ತದೆ, ಪ್ಲಗ್ ಕಿತ್ತು ತೆಗೆಯಲು ಆಗುವುದಿಲ್ಲ. ಎರಡನೇ ರಿಮೋಟ್‌ನಲ್ಲಿ ಸ್ಟಾರ್ಟ್ ಬಟನ್ ಇಲ್ಲ, ಅದರ ಬದಲು ಒಂದು ಸಣ್ಣ ಮೈಕ್ ಇದೆ. ಹಳದಿ-ಬಿಳಿ-ಕೆಂಪು ಎವಿ ಪಿನ್‌ಗಳೂ ಇಲ್ಲ, ಆಂಟೆನಾ ಜಾಗಕ್ಕೇ ಸಿಗಿಸಬೇಕು. ಅದೂ ಜಪಾನಿನ ಟಿವಿ ಚಾನೆಲ್‌ಗೆ ಹೊಂದಿಸಿದ್ದು. ನನ್ನ ಡಬ್ಬದಲ್ಲಿ ರಿಮೋಟ್ ಕಿತ್ತರೆ ಕೈಗೇ ಬಂತು. ಎವಿ ಪಿನ್ ಇತ್ತು, ಎರಡನೇ ರಿಮೋಟ್‌ನಲ್ಲೂ ಸ್ಟಾರ್ಟ್ ಇತ್ತು. ಸ್ಕ್ರೂ ಬಿಚ್ಚಿ ನೋಡಿದರೆ ಅಂಗೈಗಿಂತ ಸಣ್ಣ ಬೋರ್ಡ್, ಮಧ್ಯೆ ಕಪ್ಪು ಅಂಟಿನ ಒಂದು ಬೊಟ್ಟು. ಆ ಬೊಟ್ಟಿನ ಕೆಳಗಿನ ಚಿಪ್‌ನಲ್ಲೇ ಇಡೀ ಸೆಟ್‌ನ ಕೆಲಸ ಕೂತಿದೆ. ಹೊಸದಾಗಿ ಮಾಡಿದ ಅಗ್ಗದ ನಕಲು.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ಮಾವ ತಂದುಕೊಟ್ಟ ಸೆಟ್‌ನಲ್ಲೂ ರಿಮೋಟ್ ಕಿತ್ತು ತೆಗೆಯಲು ಆಗುತ್ತಿತ್ತು, ನನಗೆ ಚೆನ್ನಾಗಿ ನೆನಪಿದೆ. ಅಂದರೆ ಅದೂ ನಕಲೇ ಇರಬೇಕು. ಆ ಕಾಲದಲ್ಲಿ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಬಂದದ್ದು ಇಂಥ ನಕಲು ಸೆಟ್‌ಗಳೇ. ನಾನು ಯಾವ "ಒರಿಜಿನಲ್"ಗೆ ಅಷ್ಟು ದುಡ್ಡು ಕೊಟ್ಟೆನೋ ಅದು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ಅಣ್ಣ ಬಂದ. ಡಬ್ಬ ನೋಡಿ ಅವನ ಮುಖ ಅರಳಿತು, ಅದೊಂದು ಮಾತ್ರ ನಿಜ. ಮೊದಲು ಕೈಗೆತ್ತಿಕೊಂಡದ್ದು ಗನ್. ಡಕ್ ಹಂಟ್ ಹಾಕಿದ. ಸೋಫಾದಿಂದ ಗುರಿ ಇಟ್ಟು ಹೊಡೆದ, ಬಾತುಕೋಳಿ ಹಾರಿಹೋಯಿತು. ಹುಲ್ಲಿನಿಂದ ನಾಯಿ ಎದ್ದು ನಕ್ಕಿತು. ಎರಡು ಹೆಜ್ಜೆ ಮುಂದೆ ಬಂದ, ಹೊಡೆದ, ನಾಯಿ ನಕ್ಕಿತು. ಕೊನೆಗೆ ನಮ್ಮ 43 ಇಂಚಿನ ಎಲ್‌ಇಡಿ ಟಿವಿಗೆ ಗನ್‌ನ ಮೂತಿ ತಾಗಿಸಿ, ಕೋಳಿಯ ಮೇಲೆಯೇ ಇಟ್ಟು ಒತ್ತಿದ. ಆಗಲೂ ಇಲ್ಲ. "ನನ್ನ ಕೈ ಹೋಯ್ತು ಕಾಣ್ತದೆ" ಅಂತ ಮೆಲ್ಲಗೆ ಹೇಳಿ ಗನ್ ಕೆಳಗಿಟ್ಟ. ನನಗೆ ಅಳು ಬಂದದ್ದು ದುಡ್ಡಿಗಲ್ಲ, ಆ ಮಾತಿಗೆ.

ಅವನ ಕೈ ಸರಿಯಾಗಿಯೇ ಇದೆ. ಆ ಗನ್‌ನಿಂದ ಏನೂ ಹೊರಗೆ ಹೋಗುವುದಿಲ್ಲ, ಅದರ ಮೂತಿಯಲ್ಲಿ ಬೆಳಕು ನೋಡುವ ಕಣ್ಣು ಇದೆ, ಅಷ್ಟೇ. ಟ್ರಿಗರ್ ಒತ್ತಿದ ಕೂಡಲೇ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬಿಳಿ ಬೆಳಕು ಗನ್‌ಗೆ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಹಳೇ ಡಬ್ಬ ಟಿವಿಯಲ್ಲಿ ಚಿತ್ರ ತಡವಿಲ್ಲದೆ ಬರುತ್ತಿತ್ತು. ಈಗಿನ ಟಿವಿ ಚಿತ್ರವನ್ನು ಮೊದಲು ತಾನು ಸರಿಮಾಡಿಕೊಂಡು ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗೇಮ್ ಕಾಯುವ ಹೊತ್ತು ಮುಗಿದಿರುತ್ತದೆ. ಹಾಗಾಗಿ ಡಬ್ಬ ಟಿವಿ ಇಲ್ಲದ ಮನೆಯಲ್ಲಿ ಆ ಹಳೇ ತರದ ಗನ್ ಬರೀ ಪ್ಲಾಸ್ಟಿಕ್. ಮಾರಿದವರು "ಯಾವ ಟಿವಿಗೂ ಆಗ್ತದೆ" ಅಂತ ಹೇಳಿದ್ದರು. ಫೋನ್ ಮಾಡಿದಾಗ "ನಿಮ್ಮ ಟಿವಿ ಸರಿ ಇಲ್ಲ" ಅಂದರು. ಮರುದಿನದಿಂದ ಫೋನ್ ಎತ್ತಲಿಲ್ಲ.

9999 ಗೇಮ್‌ನ ಕಥೆಯನ್ನು ಬೇಗ ಮುಗಿಸುತ್ತೇನೆ. ಐದನೇ ಕ್ಲಾಸಿನ ನನ್ನ ಮಗ ನೋಟ್‌ಬುಕ್‌ನಲ್ಲಿ ಬರೆದು ಲೆಕ್ಕ ಹಾಕಿದ. ಬೇರೆ ಬೇರೆ ಗೇಮ್ ಇದ್ದದ್ದು 46. ಉಳಿದದ್ದೆಲ್ಲ ಅವೇ, ಹೆಸರು ಬೇರೆ.

ಇನ್ನು ಆಟಗಳು ನಿಜಕ್ಕೂ ಅಷ್ಟು ಒಳ್ಳೆಯವಾ ಅನ್ನುವ ಪ್ರಶ್ನೆ. ಒಂದು ವಾರ ಮೂರೂ ಜನ ಆಡಿದೆವು, ಹಾಗಾಗಿ ಹೇಳುವ ಧೈರ್ಯ ಮಾಡುತ್ತೇನೆ. 46ರಲ್ಲಿ ಹೆಚ್ಚಿನವು ಐದು ನಿಮಿಷಕ್ಕೆ ಬೇಜಾರು. ಅದೇ ರಸ್ತೆ, ಅದೇ ಬೆಂಕಿ ಬಳೆ, ಸ್ಪೀಡ್ ಮಾತ್ರ ಜಾಸ್ತಿ. ಕಾಂಟ್ರಾದಲ್ಲಿ ಮೂರು ಲೈಫ್, ಒಂದು ಗುಂಡು ತಾಗಿದರೆ ಒಂದು ಲೈಫ್ ಹೋಯಿತು. ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಶುರುವಾಗುವ ಆ ಕೋಡ್ ಒತ್ತಿ 30 ಲೈಫ್ ಮಾಡಿಕೊಳ್ಳದಿದ್ದರೆ ನಾವು ಚಿಕ್ಕವರಿರುವಾಗ ಜಲಪಾತದವರೆಗೂ ಹೋಗುತ್ತಿರಲಿಲ್ಲ. ಅಷ್ಟು ಕಷ್ಟ ಇಟ್ಟದ್ದರಿಂದಲೇ ಸಣ್ಣ ಗೇಮ್ ತಿಂಗಳುಗಟ್ಟಲೆ ಬರುತ್ತಿತ್ತು. ಮಗ 20 ನಿಮಿಷ ಆಡಿ ಎದ್ದುಹೋದ. ಅವನದ್ದು ತಪ್ಪು ಅಂತ ನನಗೆ ಅನಿಸಲಿಲ್ಲ.

ಆದರೆ 1985ರ ಸೂಪರ್ ಮಾರಿಯೋ ಬೇರೆಯೇ. ಇಡೀ ಗೇಮ್ ಬರೀ 40 ಕಿಲೋಬೈಟ್. ಮೋಡ ಮತ್ತು ಪೊದೆ ಎರಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಅಷ್ಟು ಜಾಗ ಉಳಿಸಿದ್ದಾರೆ. ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಮಾರಿಯೋ ಅಷ್ಟು ಎತ್ತರ ಹಾರುತ್ತಾನೆ. ಮಗನಿಗೆ ಯಾರೂ ಹೇಳಿಕೊಡಲಿಲ್ಲ, ಅಣಬೆಯಂಥ ಮೊದಲ ಶತ್ರು ಎದುರು ಬಂದಾಗ ತಾನೇ ಹಾರಿದ. ಮೊದಲೆರಡು ದಿನ ಮಾರಿಯೋ ಹೊಂಡಕ್ಕೆ ಬೀಳುತ್ತಲೇ ಇದ್ದ. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಚಿತ್ರ ತಡವಾಗುವುದು ಕಡಿಮೆಯಾಗಿ ಸುಮಾರು ಸರಿಯಾಯಿತು. ಚಿತ್ರದ ಅಳತೆಯನ್ನು 4:3 ಮಾಡಿದ ಮೇಲೆ ದಪ್ಪಗಿದ್ದ ಮಾರಿಯೋ ಮೊದಲಿನಂತಾದ. ಹಳೇ ಆಟ ಚೆನ್ನಾಗಿಲ್ಲ ಅಂತ ಬೈಯುವ ಮೊದಲು ಈ ಎರಡನ್ನು ಮಾಡಿ ನೋಡಿ. ಟ್ಯಾಂಕ್ ಗೇಮ್ ಕೂಡ ಗಟ್ಟಿ, ಬ್ಯಾಟಲ್ ಸಿಟಿ ಅಂತ ಅದರ ಹೆಸರು. 35 ಸ್ಟೇಜ್, ಇಬ್ಬರು ಸೇರಿ ಸ್ಕ್ರೀನ್‌ನ ಕೆಳಗಿರುವ ಹದ್ದಿನ ಗುರುತನ್ನು ಕಾಯಬೇಕು. ಅಣ್ಣ ಮತ್ತು ನನ್ನ ಮಗ ಇಬ್ಬರೂ ಒಂದು ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ.

ಅಂದರೆ ಆಡಲು ಲಾಯಕ್ಕಾದದ್ದು ನಾಲ್ಕೈದು ಗೇಮ್. ಅದಕ್ಕೆ ಈ ನಕಲು ಡಬ್ಬವೇ ಸಾಕಿತ್ತು, ಇಂಥದ್ದು ಸಾವಿರದ ಒಳಗೆ ಸಿಗುತ್ತದೆ. ಉಳಿದ ಹತ್ತು ಸಾವಿರವನ್ನು ನಾನು ಕೊಟ್ಟದ್ದು ಕಡಿಯಾಳಿಯ ಆ ಮಧ್ಯಾಹ್ನಗಳಿಗೆ. ಅವು ಆ ಡಬ್ಬದಲ್ಲಿ ಇರಲಿಲ್ಲ.

ನಿಜವಾದ ಹಳೇ ಸೆಟ್ ಸಿಕ್ಕಿದರೂ ನಮ್ಮ ಕರಾವಳಿಯಲ್ಲಿ ಇದ್ದದ್ದಾದರೆ ಕ್ಯಾಸೆಟ್‌ನ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಉಪ್ಪು ಗಾಳಿಗೂ ಮಳೆಗಾಲದ ತೇವಕ್ಕೂ ಹಸಿರು ಹಿಡಿದಿರುತ್ತದೆ. ನಾವು ಊದುತ್ತಿದ್ದದ್ದೂ ತಪ್ಪಂತೆ, ಬಾಯಿಯ ತೇವ ಪಿನ್ ತಿನ್ನುತ್ತದೆ. ತೆಗೆದು ಮತ್ತೆ ಹಾಕಿದ್ದರಿಂದಲೇ ಅದು ಓಡುತ್ತಿತ್ತು.

ಕೊನೆಗೆ ಅಡಾಪ್ಟರ್. ದಯವಿಟ್ಟು ಇದನ್ನು ಮರೆಯಬೇಡಿ. ಐದನೇ ದಿನ ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮಗ ಪಕ್ಕದಲ್ಲೇ ಕೂತಿದ್ದ. ಅಮ್ಮ ಅಡುಗೆಮನೆಯಿಂದ ಓಡಿಬಂದು "ಪ್ಲಗ್ ತೆಗೀರಿ" ಅಂತ ಕೂಗಿದರು. ನಾನು ಸ್ವಿಚ್ ಆಫ್ ಮಾಡಿದೆ, ಅಣ್ಣ ಪ್ಲಗ್ ಕಿತ್ತ. ಈಗ ಒಳ್ಳೆಯ ಅಂಗಡಿಯಿಂದ ಅದೇ ವೋಲ್ಟೇಜ್‌ನ ಬೇರೆ ಅಡಾಪ್ಟರ್ ತಂದು ಹಾಕಿದ್ದೇವೆ. ಡಬ್ಬದ ಜೊತೆ ಬಂದದ್ದನ್ನು ಒಂದು ದಿನವೂ ಹಾಕಬೇಡಿ.