ಗಾಜಿನ ಗೂಡಿಗೆ ಪೂರ್ಣ ಅಂಕ, ಜೊತೆಗೆ ಬಂದ ಸಾಮಾನಿಗೆ ಸೊನ್ನೆ

ಡಬ್ಬದ ಮೇಲೆ ‘ಲೆಪರ್ಡ್ ಗೆಕ್ಕೊಗೆ ಬೇಕಾದ ಎಲ್ಲವೂ ಇದರಲ್ಲಿದೆ’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದರು. ಲೆಪರ್ಡ್ ಗೆಕ್ಕೊ ಎಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ನೆಲದ ಹಲ್ಲಿ. ಬಿಚ್ಚಿ ನೆಲದ ಮೇಲೆ ಹರಡಿದಾಗ ಸಿಕ್ಕಿದ್ದು ಇಷ್ಟು: ಮುಂದೆ ಎರಡು ಬಾಗಿಲುಗಳಿರುವ ಗಾಜಿನ ಗೂಡು, ಒಂದು ಹೀಟ್ ಮ್ಯಾಟ್ (ಅಡಿಯಿಂದ ಬಿಸಿ ಮಾಡುವ ವಿದ್ಯುತ್ ಹಾಸು), ಒಂದು ಕೆಂಪು ಬಲ್ಬು, ಗಾಜಿಗೆ ಅಂಟಿಸುವ ಮುಳ್ಳಿನ ತಾಪಮಾಪಕ, ಒಂದೇ ಒಂದು ಪ್ಲಾಸ್ಟಿಕ್ ಗುಹೆ, ನೀರಿನ ಬಟ್ಟಲು, ಒಂದು ಚೀಲ ಕ್ಯಾಲ್ಸಿಯಂ ಮರಳು. ಶಾಖ ಮಿತಿ ಮುಟ್ಟಿದಾಗ ವಿದ್ಯುತ್ತನ್ನು ತಾನೇ ತಡೆಯುವ ಥರ್ಮೋಸ್ಟಾಟ್ ಇರಲಿಲ್ಲ. ಡಬ್ಬವನ್ನು ಮಗುಚಿ ಹಾಕಿ ಹುಡುಕಿದೆ. ಕೈಪಿಡಿಯಲ್ಲೂ ಅದರ ಸುದ್ದಿಯೇ ಇರಲಿಲ್ಲ.

ಈ ಕಿಟ್ ಅನ್ನು ಎಂಟು ತಿಂಗಳಿನಿಂದ ಬಳಸುತ್ತಿದ್ದೇನೆ. ತಯಾರಕರ ಹೆಸರು ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಸಾಮಾನನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾರುತ್ತಾರೆ. ನಾನು ಹೇಳುವುದು ಅವರೆಲ್ಲರಿಗೂ ಅನ್ವಯಿಸುತ್ತದೆ.

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು. ಅಳೆಯದೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ. ಗೆಕ್ಕೊ ಮನೆಗೆ ಬರುವ ಹತ್ತು ದಿನ ಮೊದಲೇ ಗೂಡನ್ನು ಜೋಡಿಸಿ, ಹೀಟ್ ಮ್ಯಾಟನ್ನು ಗಾಜಿನ ಕೆಳಗೆ ಒಂದು ಬದಿಗೆ ಅಂಟಿಸಿ, ನೇರವಾಗಿ ಪ್ಲಗ್ಗಿಗೆ ಹಾಕಿದೆ. ಎರಡು ಗಂಟೆ ಬಿಟ್ಟು ಇನ್‌ಫ್ರಾರೆಡ್ ತಾಪಮಾಪಕ ಹಿಡಿದಾಗ ಒಳಗಿನ ಗಾಜು 47 ಡಿಗ್ರಿ ತೋರಿಸಿತು. ಅಂಗೈ ಊರಿದೆ, ಹೆಚ್ಚು ಹೊತ್ತು ಇಡಲಾಗಲಿಲ್ಲ. ಈ ಪ್ರಾಣಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಯೇ ಶಾಖ ಪಡೆಯುವುದು. ಅದಕ್ಕೆ ಬೆಚ್ಚನೆಯ ಕಡೆಯ ನೆಲ 31ರಿಂದ 33 ಡಿಗ್ರಿ ಇದ್ದರೆ ಸಾಕು.

ಬಳಿಕ ಕೈಪಿಡಿ ಹೇಳಿದಂತೆಯೇ ಮರಳನ್ನು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಸುರಿದು ಮತ್ತೆ ಅಳೆದೆ. ಮೇಲ್ಮೈ 27 ಡಿಗ್ರಿ, ಅಡಿಯ ಗಾಜು 50 ದಾಟಿತ್ತು. ಒಣ ಮರಳು ಉಷ್ಣವನ್ನು ಸುಲಭವಾಗಿ ಸಾಗಿಸುವುದಿಲ್ಲ, ಆದ್ದರಿಂದ ಶಾಖ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಚಳಿಯಾದ ಗೆಕ್ಕೊ ಬಿಸಿ ಹುಡುಕಿಕೊಂಡು ಕೆಳಗೆ ಅಗೆಯುತ್ತದೆ. ಅಗೆದು ತಲುಪುವುದು ಎಲ್ಲಿಗೆ ಎಂದು ಯೋಚಿಸಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಹೊಟ್ಟೆಯ ಸುಟ್ಟಗಾಯ ಎಂದರೆ ತಿಂಗಳುಗಟ್ಟಲೆ ಚಿಕಿತ್ಸೆ.

ಕ್ಯಾಲ್ಸಿಯಂ ಮರಳಿನ ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಸುಣ್ಣದ ಅಂಶ ಬೇಕಾದ ಗೆಕ್ಕೊ ಅದನ್ನು ನೆಕ್ಕುತ್ತದೆ, ನುಂಗುತ್ತದೆ. ಅದು ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಡಬಹುದು. ಅಷ್ಟಕ್ಕೂ ಇದು ಮರಳುದಿಬ್ಬದ ಜೀವಿಯಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುಭೂಮಿಯಲ್ಲಿ, ಗಟ್ಟಿ ಮಣ್ಣು ಮತ್ತು ಬಂಡೆಯ ಬಿರುಕುಗಳ ನಡುವೆ ಬದುಕುವಂಥದ್ದು. ಮರಳಿನ ಚೀಲವನ್ನು ಪಕ್ಕಕ್ಕಿಟ್ಟು ನೆಲಕ್ಕೆ ಒರಟು ಮೈಯ ತೆಳು ಟೈಲ್ಸ್ ಹಾಸಿದೆ. ಉಗುರು ಸವೆಯುತ್ತದೆ, ಶಾಖ ಸಮನಾಗಿ ಹರಡುತ್ತದೆ, ಒರೆಸುವುದು ಸುಲಭ. ತಂಪಿನ ಕಡೆ ಒಂದು ಆಳದ ತಟ್ಟೆಯಲ್ಲಿ ಮಣ್ಣು ಮತ್ತು ಮರಳನ್ನು ಬೆರೆಸಿ, ನೀರು ಚಿಮುಕಿಸಿ, ತಟ್ಟಿ ಒಣಗಿಸಿಟ್ಟಿದ್ದೇನೆ. ಅಗೆಯುವ ಆಸೆ ಅಲ್ಲಿ ತೀರುತ್ತದೆ.

ಇನ್ನು ಗೂಡಿನ ವಿಷಯ. ಇದನ್ನು ಮನಸಾರೆ ಹೊಗಳುತ್ತೇನೆ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಮನೆಯ ಗೋಡೆಯ ಹಲ್ಲಿಗಿರುವ ಅಂಟುಪಟ್ಟಿಗಳು ಲೆಪರ್ಡ್ ಗೆಕ್ಕೊದ ಬೆರಳಲ್ಲಿಲ್ಲ, ಬರೀ ಉಗುರು, ಗಾಜು ಹತ್ತಲಾರದು. ಹಾಗಾಗಿ ನೆಲದ ವಿಸ್ತಾರವೇ ಮುಖ್ಯ, ಮತ್ತು ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ 25 ಡಿಗ್ರಿಯ ಆಸುಪಾಸಿನಲ್ಲಿ ತಂಪಗೆ ಇರಬೇಕಾದರೆ ಈ ಉದ್ದ ಬೇಕೇ ಬೇಕು. ಗಿಡ್ಡ ಗೂಡಿನಲ್ಲಿ ಎರಡೂ ತುದಿ ಒಂದೇ ಆಗಿಬಿಡುತ್ತವೆ.

ಮುಂಬಾಗಿಲಿನ ಬೆಲೆ ಗೊತ್ತಾಗಿದ್ದು ನನ್ನ ಗೆಕ್ಕೊ ಚುಕ್ಕಿ ಬಂದ ಮೇಲೆ. ಮೂರು ವರ್ಷ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯಿಂದ ನನ್ನಲ್ಲಿಗೆ ಬಂದದ್ದು ಅದು. ಅಲ್ಲಿ ಮೇಲಿನಿಂದ ತೆರೆಯುವ ತೊಟ್ಟಿಯಲ್ಲಿತ್ತು, ಕೈ ಕಂಡರೆ ಬಾಲ ಅಲುಗಿಸುತ್ತಾ ಮೂಲೆಗೆ ಓಡುತ್ತಿತ್ತು. ಮೇಲಿನಿಂದ ಇಳಿಯುವ ನೆರಳು ಎಂದರೆ ಅದರ ಪಾಲಿಗೆ ಬೇಟೆಹಕ್ಕಿ. ಇಲ್ಲಿ ಬಾಗಿಲು ತೆರೆದು ಕೈಯನ್ನು ನೆಲಮಟ್ಟದಲ್ಲಿ ಇಟ್ಟು ಕಾಯುತ್ತೇನೆ. ಐದನೆಯ ವಾರ ಅದಾಗಿಯೇ ಬಂದು ಬೆರಳನ್ನು ನೆಕ್ಕಿ ನೋಡಿತು.

ಚುಕ್ಕಿಯ ಎಡ ಮುಂಗಾಲಿನಲ್ಲಿ ಎರಡು ಬೆರಳ ತುದಿಗಳಿಲ್ಲ. ಹಳೆಯ ಪೊರೆ ಉಂಗುರದಂತೆ ಬಿಗಿದು, ರಕ್ತ ಓಡದೆ ಉದುರಿಹೋದವು. ಹಿಂದಿನ ಮನೆಯವರು ಪ್ರೀತಿಯಿಲ್ಲದವರಲ್ಲ. ಅವರ ಕಿಟ್‌ನಲ್ಲಿಯೂ ಒಂದೇ ಗುಹೆ ಇತ್ತು, ಅದೂ ಒಣ ಗುಹೆ; ತೇವವಿಲ್ಲದಿದ್ದರೆ ಪೊರೆ ಸಲೀಸಾಗಿ ಕಳಚುವುದಿಲ್ಲ. ಕಡಿಮೆಯೆಂದರೂ ಮೂರು ಬೇಕು: ಬೆಚ್ಚನೆಯದು, ತಂಪಿನದು, ತೇವದ್ದು. ತೇವದ್ದನ್ನು ನಾನೇ ಮಾಡಿದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಪಕ್ಕದಲ್ಲಿ ದುಂಡಗೆ ಬಾಗಿಲು ಕೊರೆದು, ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ, ಒಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿದೆ.

ಮೂರನೆಯ ವಾರ ಚುಕ್ಕಿಯ ಹಳದಿ ಮೈ ಹಾಲು ಬಳಿದಂತೆ ಮಂಕಾಯಿತು. ಸಂಜೆ ತೇವದ ಡಬ್ಬಿಗೆ ಹೋಗಿ ಕೂತಿತು. ಹೊರಬಂದಾಗ ಮೂತಿಯನ್ನು ಕಲ್ಲಿಗೆ ಉಜ್ಜಿತು, ಕೆನ್ನೆಯ ಬಳಿ ಪೊರೆ ಸೀಳಿತು. ಅಲ್ಲಿಂದ ಕತ್ತು ತಿರುಗಿಸಿ ಬಾಯಿಂದ ಕಚ್ಚಿ ಎಳೆಯುತ್ತಾ, ಎಳೆದದ್ದನ್ನು ನುಂಗುತ್ತಾ ಹೋಯಿತು. ಪಾದದ ಪೊರೆಯನ್ನು ಕೈಗವಸು ಕಳಚಿದಂತೆ ಕಳಚಿತು. ನಾನು ಭೂತಗನ್ನಡಿ ಹಿಡಿದು ಒಂದೊಂದೇ ಬೆರಳು ನೋಡಿದೆ. ಹಿಂಗಾಲಿನ ಒಂದು ಬೆರಳಲ್ಲಿ ಬಿಳಿ ದಾರದಷ್ಟು ತೆಳುವಾದ ಬಳೆ ಉಳಿದಿತ್ತು. ಉಗುರುಬೆಚ್ಚನೆಯ ನೀರನ್ನು ಪಾದ ಮುಳುಗುವಷ್ಟೇ ಹಾಕಿ ಹತ್ತು ನಿಮಿಷ ನಿಲ್ಲಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಬೆರಳ ಬುಡದಿಂದ ತುದಿಯ ಕಡೆಗೆ ಉರುಳಿಸಿದೆ. ಬಳೆ ಜಾರಿ ಬಂತು. ಆ ಬೆರಳು ಉಳಿಯಿತು.

ಥರ್ಮೋಸ್ಟಾಟನ್ನು ಬೇರೆಯಾಗಿ ಕೊಂಡು ಹಾಕಿದೆ, 32 ಡಿಗ್ರಿಗೆ. ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ಅದರ ಸಂವೇದಕದ ತಂತಿಯನ್ನು ಬೆಚ್ಚನೆಯ ಗುಹೆಯೊಳಗೆ ಸುಮ್ಮನೆ ಇಟ್ಟಿದ್ದೆ. ಎರಡನೆಯ ತಿಂಗಳು ಚುಕ್ಕಿ ಅದನ್ನು ಕೆದರಿ ಹೊರಗೆ ತಳ್ಳಿತು. ತಂಪಾದ ಕಡೆ ಬಿದ್ದ ಸಂವೇದಕ ‘ಇನ್ನೂ ಚಳಿ’ ಎನ್ನುತ್ತಲೇ ಇತ್ತು, ಮ್ಯಾಟ್ ಉರಿಯುತ್ತಲೇ ಇತ್ತು. ಗುಹೆಯ ನೆಲ 41 ಮುಟ್ಟಿದಾಗ ನಾನು ಕಂಡೆ. ಚುಕ್ಕಿ ಅಷ್ಟರಲ್ಲಿ ತಂಪಿನ ತುದಿಗೆ ಹೋಗಿತ್ತು. ಆ ದಿನವೇ ತಂತಿಯನ್ನು ಟೈಲ್ಸಿಗೆ ಅಕ್ವೇರಿಯಂ ಸಿಲಿಕೋನ್ ಅಂಟಿನಿಂದ ಭದ್ರಪಡಿಸಿ, ವಾಸನೆ ಪೂರ್ತಿ ಹೋಗುವವರೆಗೆ ಚುಕ್ಕಿಯನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ಈಗ ಪಕ್ಕದಲ್ಲಿ ಪ್ರತ್ಯೇಕ ಡಿಜಿಟಲ್ ತಾಪಮಾಪಕವೂ ಇದೆ, ಒಂದು ಸುಳ್ಳು ಹೇಳಿದರೆ ಇನ್ನೊಂದು ಹೇಳುತ್ತದೆ.

ಮುಳ್ಳಿನ ತಾಪಮಾಪಕ ಗಾಜಿನ ನಡುಮಟ್ಟದ ಗಾಳಿಯನ್ನು ಅಳೆಯುತ್ತದೆ, ಗೆಕ್ಕೊ ಇರುವುದು ನೆಲದಲ್ಲಿ. ಅದನ್ನು ಕಿತ್ತುಹಾಕಿದೆ. ಕೆಂಪು ಬಲ್ಬೂ ಬೇಡ: ಗೆಕ್ಕೊಗಳ ಕಣ್ಣಿಗೆ ಮಂದ ಬೆಳಕಿನಲ್ಲೂ ಬಣ್ಣ ಕಾಣುತ್ತದೆ, ರಾತ್ರಿ ಎಂದರೆ ಕತ್ತಲೆಯೇ ಇರಬೇಕು.

ಗೂಡಿನ ದೋಷಗಳೂ ಎರಡಿವೆ. ಹಿಂದೆ ತಂತಿ ಹೊರಹೋಗುವ ಕಿಂಡಿ ಅಗಲವಾಗಿದೆ, ಆಹಾರಕ್ಕೆ ಬಿಟ್ಟ ಕ್ರಿಕೆಟ್ ಹುಳುಗಳು ಅಲ್ಲಿಂದ ಪಾರಾಗುತ್ತವೆ. ಸ್ಪಂಜು ತುರುಕಿ ಮುಚ್ಚಿದೆ. ಬಂಡೆಯಂತೆ ಕಾಣುವ ಹಿಂಬದಿಯ ಫೋಮ್ ಹಲಗೆಯ ಹಿಂದೆಯೂ ಅವು ಅಡಗುತ್ತವೆ. ತಿನ್ನದೆ ಉಳಿದ ಹುಳುಗಳು ಮಲಗಿದ ಗೆಕ್ಕೊವನ್ನೇ ಕಚ್ಚುವುದುಂಟು, ಆದ್ದರಿಂದ ಆ ಹಲಗೆಯನ್ನು ತೆಗೆದಿಟ್ಟೆ.

ಗಾಜಿನ ಗೂಡೊಂದನ್ನೇ ಬಿಡಿಯಾಗಿ ಮಾರಿದರೆ ಕಣ್ಣು ಮುಚ್ಚಿ ಖರೀದಿಸಿ. ಕಿಟ್ ಅನ್ನೇ ಈಗಾಗಲೇ ಕೊಂಡಿದ್ದು, ಮ್ಯಾಟ್ ನೇರವಾಗಿ ಪ್ಲಗ್ಗಿನಲ್ಲಿದ್ದರೆ, ದಯವಿಟ್ಟು ಇದನ್ನು ಓದಿದ ಕೂಡಲೇ ಎದ್ದು ಹೋಗಿ ಕಿತ್ತುಬಿಡಿ. ಥರ್ಮೋಸ್ಟಾಟ್ ಕೈಸೇರುವ ಒಂದೆರಡು ದಿನ ಕೋಣೆಯನ್ನೇ ಬೆಚ್ಚಗಿಡಿ, ಹೊಟ್ಟೆ ತುಂಬ ತಿನ್ನಿಸಬೇಡಿ. ಮೈ ತಂಪಾಗಿದ್ದಾಗ ತಿಂದದ್ದು ಅದಕ್ಕೆ ಅರಗುವುದಿಲ್ಲ.