ಹಂಪಿಯಲ್ಲಿ ಗೈಡ್ ಬೇಕಾ? ಬೇಕು, ಆದರೆ 1565ಕ್ಕೆ ಕಥೆ ನಿಲ್ಲಿಸದವರು

ಹಂಪಿಗೆ ಇದು ಮೂರನೇ ಸಲ. ಹಿಂದೆ ಎರಡು ಸಲವೂ ಗೈಡ್ ಮಾಡಿಕೊಂಡಿದ್ದೆ. ಇಬ್ಬರೂ ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರುತ್ತಿದ್ದರು ಅಂತ ಶುರು ಮಾಡಿ, 1565ರ ತಾಳಿಕೋಟೆ ಯುದ್ಧಕ್ಕೆ ತಂದು, ಅಲ್ಲಿಗೆ ಎಲ್ಲ ಮುಗೀತು ಅಂದುಬಿಟ್ಟರು. ಈ ಸಲ ಹೊಸಪೇಟೆಯ ಗೆಳೆಯ ಹೇಳಿದವರನ್ನು ಕರೆದುಕೊಂಡು ಹೋದೆವು. ಇಂಥ ಗೈಡ್ ಎಲ್ಲರಿಗೂ ಸಿಗಬೇಕು.

ವಿಜಯನಗರದ ಅರಸರು ನವರಾತ್ರಿ ಉತ್ಸವ ನಡೆಸುತ್ತಿದ್ದ ಎತ್ತರದ ಕಲ್ಲಿನ ಕಟ್ಟೆ, ಮಹಾನವಮಿ ದಿಬ್ಬದಲ್ಲೇ ಒಂದು ಗಂಟೆ ಹೋಯಿತು. ಸುಮ್ನೆ ಮೇಲೆ ಹತ್ತಿಸಿ ಫೋಟೊ ತೆಗೆಯಲಿಲ್ಲ. ಬುಡದ ಕಲ್ಲಿನ ಸಾಲುಗಳ ಮುಂದೆ ಮಗಳನ್ನು ಕುಕ್ಕರಗಾಲಲ್ಲಿ ಕೂರಿಸಿ ಆನೆ, ಕುದುರೆ, ಒಂಟೆ, ಕುಸ್ತಿ ಹಿಡಿದವರು, ಕುಣಿಯುವವರು, ಎಲ್ಲ ಒಂದೊಂದಾಗಿ ತೋರಿಸಿದರು. "ಇದನ್ನ ಎಲ್ಲಿ ನೋಡಿದ್ದೀ ಹೇಳವ್ವ" ಅಂದರು. ಅವಳು ತಟ್ಟನೆ "ಮೈಸೂರು ದಸರಾ" ಅಂದಳು. ಗೈಡ್ ಹೇಳಿದರು: ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಕ್ಕೆ ತೆಗೆದುಕೊಂಡರು, ಅದೇ ವರ್ಷ ಅಲ್ಲಿ ನವರಾತ್ರಿ ಉತ್ಸವ ಶುರು ಮಾಡಿದರು. ದಿಬ್ಬ ಇಲ್ಲೇ ಉಳಿಯಿತು, ಹಬ್ಬ ಅಲ್ಲಿಗೆ ಹೋಯಿತು. ನನಗೆ ಮೈ ಜುಮ್ಮೆಂದಿತು.

ಉಳಿದದ್ದನ್ನು ನೆರಳಲ್ಲಿ ಕೂತು ಹೇಳಿದರು. ತಾಳಿಕೋಟೆಯಲ್ಲಿ ವಿಜಯನಗರದ ಸೈನ್ಯ ನಡೆಸಿದ ರಾಮರಾಯ ಸತ್ತ ಮೇಲೆ ಅವನ ತಮ್ಮ ತಿರುಮಲ ಈಗಿನ ಆಂಧ್ರದ ಪೆನುಕೊಂಡೆಗೆ ಹೋದ, ಆಮೇಲೆ ರಾಜಧಾನಿ ಚಂದ್ರಗಿರಿ, ವೆಲ್ಲೂರು ಅಂತ ಸರಿಯುತ್ತಾ ಹೋಯಿತು. ಕೆಳದಿ, ಮಧುರೆ, ತಂಜಾವೂರು, ಜಿಂಜಿಯ ನಾಯಕರು ವಿಜಯನಗರದ ಕೈಕೆಳಗಿದ್ದರೂ ಮೊದಲಿಂದಲೂ ತಮ್ಮ ಸೀಮೆಯ ಕಂದಾಯ, ಸೈನ್ಯ ತಾವೇ ನೋಡಿಕೊಳ್ಳುತ್ತಿದ್ದವರು. ರಾಜಧಾನಿಯ ಹಿಡಿತ ಸಡಿಲವಾದಾಗ ಅವರೇ ದೊರೆಗಳಾದರು. ಯುದ್ಧದ ಒಂದು ದಿನದ ಕಥೆಗಿಂತ ಇದೇ ಜಾಸ್ತಿ ಮುಖ್ಯ, ಅಲ್ವಾ?

ನಾಣ್ಯದ ಕಥೆಯಂತೂ ಮರೆಯೋದೇ ಇಲ್ಲ. ಕಿರುಬೆರಳಿನ ಉಗುರಿನಷ್ಟು ವರಾಹ ಅನ್ನೋ ಚಿನ್ನದ ನಾಣ್ಯದ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಶಿವ, ಪಕ್ಕದಲ್ಲಿ ಪಾರ್ವತಿ. ವಿಜಯನಗರದ ಈ ಅಚ್ಚನ್ನು ಕೆಳದಿಯವರು ಬಿಡಲಿಲ್ಲ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ಅದನ್ನೇ ಮುಂದುವರಿಸಿದ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಸಂತೆಯಲ್ಲಿ ಜನ ನಂಬಿದ್ದು ಆ ಅಚ್ಚನ್ನು.

ಒಂದೇ ಕೊರತೆ: ಇವರು ನಿಧಾನ. ವಿಠ್ಠಲ ದೇವಸ್ಥಾನಕ್ಕೆ ಹೊತ್ತು ಸಾಲಲಿಲ್ಲ. ಬೆಳಗ್ಗೆ ಬೇಗ ಹೊರಡಿ, ನೀರು ಇಟ್ಟುಕೊಳ್ಳಿ. ವಿಠ್ಠಲ ದೇವಸ್ಥಾನದಲ್ಲಿ ತೆಗೆದ ಟಿಕೆಟ್ ಎಸೆಯಬೇಡಿ, ಅದೇ ದಿನ ರಾಣಿವಾಸಕ್ಕೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ. ಮತ್ತೆ, ಗೈಡ್ ಒಪ್ಪಿಕೊಳ್ಳುವ ಮೊದಲೇ ಕೇಳಿ: "ಪೆನುಕೊಂಡೆ ಕಥೆ ಹೇಳ್ತೀರಾ?"