ಜಡಿಮಳೆಯಲ್ಲಿ ಲಾಟೀನು ಹಚ್ಚುವವರ ಗಮನಕ್ಕೆ: ಸೀಮೆಎಣ್ಣೆಯಲ್ಲಿ ನೀರಿರಬಹುದು

ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಕಡೆ ವಾಯುಭಾರ ಕುಸಿದರೆ ನಮ್ಮ ಚಿಂತಾಮಣಿ ಸುತ್ತಮುತ್ತ ಬಿಡದೆ ಜಡಿಮಳೆ ಹಿಡಿಯುತ್ತದೆ. ತೆನೆ ಬಲಿತ ರಾಗಿಯನ್ನು ಕಾಡುಹಂದಿಗಳಿಂದ ಕಾಯುವವರು ಆಗಲೂ ಲಾಟೀನು ಹಿಡಿದು ಹೊಲದಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಅಂಥ ಒಂದು ರಾತ್ರಿ ನಮ್ಮ ಚಿಕ್ಕಪ್ಪನವರಿಗೆ ಆದ ಗಾಯ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹಚ್ಚಿದ ಸ್ವಲ್ಪ ಹೊತ್ತಿಗೇ ದೀಪ ಚಟಪಟ ಸದ್ದು ಮಾಡುತ್ತಾ ಕುಗ್ಗತೊಡಗಿತು. ಗಾಳಿಗೆ ಹೀಗಾಗುತ್ತಿದೆ ಎಂದುಕೊಂಡ ಚಿಕ್ಕಪ್ಪನವರು ಬತ್ತಿಯನ್ನು ಏರಿಸಿದರು. ಉರಿ ಒಮ್ಮೆಲೇ ಎತ್ತರಕ್ಕೆದ್ದು ಗಾಜಿನ ಒಂದು ಮಗ್ಗುಲನ್ನು ಮಸಿಗಟ್ಟಿಸಿತು; ಅದೇ ಹೊತ್ತಿಗೆ ಓರೆಯಾಗಿ ಬಡಿದ ಮಳೆಹನಿಗಳು ಕಾದ ಗಾಜಿಗೆ ತಾಗಿ ಅದು ಸಿಡಿದುಹೋಯಿತು. ಅಂಗೈಗೆ ಹೊಕ್ಕ ಚೂರನ್ನು ಆಸ್ಪತ್ರೆಯಲ್ಲಿ ತೆಗೆಸಿ ಹೊಲಿಗೆ ಹಾಕಿಸಬೇಕಾಯಿತು. ಮುಖ ಹತ್ತಿರವಿದ್ದಿದ್ದರೆ ಕಣ್ಣಿಗೇ ಅಪಾಯವಾಗುತ್ತಿತ್ತು.

ಬೆಳಿಗ್ಗೆ ಕ್ಯಾನಿನಲ್ಲಿದ್ದ ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿದು ನೋಡಿದಾಗ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಲೀಟರು ಸೀಮೆಎಣ್ಣೆ ಸುಮಾರು 800 ಗ್ರಾಂ ತೂಗುತ್ತದೆ, ನೀರು 1000 ಗ್ರಾಂ. ಆದ್ದರಿಂದ ನೀರು ಯಾವಾಗಲೂ ಅಡಿಗೆ ಇಳಿಯುತ್ತದೆ, ಬತ್ತಿಯ ತುದಿಯೂ ಅಲ್ಲೇ ಇರುತ್ತದೆ. ಒಮ್ಮೆ ನೀರು ಕುಡಿದ ಹತ್ತಿಬತ್ತಿಯಲ್ಲಿ ಎಣ್ಣೆ ಮೇಲೇರುವುದಿಲ್ಲ. ಎಣ್ಣೆ ಮಾರಿದವರ ಡ್ರಮ್ಮು ಬಯಲಿನಲ್ಲಿ ನಿಂತಿದ್ದುದನ್ನು ಆಮೇಲೆ ಗಮನಿಸಿದೆವು. ಹಾಗೆ ನಿಲ್ಲಿಸಿದ ಡ್ರಮ್ಮಿನ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ರಾತ್ರಿ ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಮುಚ್ಚಳ ಸಡಿಲವಿದ್ದರೆ ಆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೇಳಿದರೆ ಆ ವ್ಯಾಪಾರಿ ಮಳೆಗಾಲದಲ್ಲಿ ಇದೆಲ್ಲ ಸಹಜವೆಂದರು. ಜನ ಕತ್ತಲೆಯಲ್ಲಿ ನಂಬಿ ಹಚ್ಚುವ ವಸ್ತುವಿನ ಬಗ್ಗೆ ಹಾಗೆ ಹೇಳುವುದನ್ನು ನಾನು ಒಪ್ಪಲಾರೆ.

ಆದ್ದರಿಂದ ತಂದ ಎಣ್ಣೆಯನ್ನು ಮೊದಲು ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ನೋಡಿರಿ. ನೀಲಿ ಬಣ್ಣದ ಎಣ್ಣೆಯಾದರೆ ಬಣ್ಣವಿಲ್ಲದ ನೀರು ಕೆಳಗೆ ಎದ್ದು ಕಾಣುತ್ತದೆ. ಮೇಲಿನ ಎಣ್ಣೆಯನ್ನಷ್ಟೇ ಲಾಟೀನಿಗೆ ಸುರಿಯಿರಿ, ಅದನ್ನೂ ದೀಪ ಆರಿಸಿ, ಸೂರಿನಡಿಯಲ್ಲಿ. ಒದ್ದೆಯಾದ ಬತ್ತಿಯನ್ನು ಪೂರ್ತಿ ಒಣಗಿಸದೆ ಮತ್ತೆ ಹಾಕಬೇಡಿ. ದೀಪ ಚಟಪಟ ಎನ್ನತೊಡಗಿದರೆ ಬತ್ತಿಯನ್ನು ಏರಿಸದೆ ಆರಿಸಿಬಿಡಿ. ಗಾಳಿ ಬೀಸುವ ದಿಕ್ಕಿಗೆ ಮರೆಯಾಗಿ ತಗಡೊಂದನ್ನು ನಿಲ್ಲಿಸಿದರೆ ಗಾಜಿಗೆ ಎರಚಲು ತಾಗದು, ಆದರೆ ಲಾಟೀನಿನ ಪಕ್ಕದ ಕೊಳವೆಗಳಿಗೂ ಮೇಲಿನ ಟೋಪಿಗೂ ಗಾಳಿಯಾಡಲು ಜಾಗ ಬಿಟ್ಟಿರಬೇಕು.